ಡ್ಯಾಶ್‌ಬೋರ್ಡ್ ಒಳಗಿನ ಕಟಕಟ

ಹೊಸ ಕಾರಿನ ಒಳಗೆ ಸದ್ದು ಶುರುವಾದರೆ ಅದನ್ನು ಇನ್ನೊಬ್ಬರಿಗೆ ಹೇಳುವುದೇ ಕಷ್ಟ. ಬ್ರೇಕ್ ಹಿಡಿಯುತ್ತಿಲ್ಲ ಅಂದರೆ ಎಲ್ಲರೂ ಎದ್ದು ಕೂರುತ್ತಾರೆ. ಎಸಿ ತಣ್ಣಗಾಗುತ್ತಿಲ್ಲ ಅಂದರೂ ಕೇಳಿಸಿಕೊಳ್ಳುತ್ತಾರೆ. "ಡ್ಯಾಶ್‌ಬೋರ್ಡ್ ಒಳಗೆ ಎಡಗಡೆ ಏನೋ ಕಟಕಟ ಅಂತಿದೆ" ಅಂದರೆ ಮಾತ್ರ "ಅಷ್ಟೇನಾ?" ಅನ್ನುವ ಮುಖ. ಲಕ್ಷಗಟ್ಟಲೆ ಕೊಟ್ಟು, ಅದರಲ್ಲಿ ಮುಕ್ಕಾಲು ಪಾಲು ಸಾಲ ಮಾಡಿ, ತಿಂಗಳು ತಿಂಗಳು ಇಎಂಐ ಕಟ್ಟುವವರಿಗೆ ಅದು ಅಷ್ಟೇ ಅಲ್ಲ. ದಿನಾ ಆಫೀಸಿಗೆ ಹೋಗುವಾಗ ಬರುವಾಗ ಕಿವಿ ಅದನ್ನೇ ಕಾಯುತ್ತಿರುತ್ತದೆ. ಹಂಪ್ ಕಂಡ ಕೂಡಲೇ ಮೈ ಬಿಗಿಯಾಗುತ್ತದೆ. ಪಕ್ಕದಲ್ಲಿ ಕೂತವರು ಏನೋ ಹೇಳುತ್ತಿದ್ದರೆ ಅರ್ಧ ಗಮನ ಅಲ್ಲೇ.

ಇಂಥ ಸದ್ದಿಗೆ ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಹುಡುಕಬಹುದು. ವಾರಂಟಿ ಇರುವವರೆಗೂ ಅದನ್ನು ಹುಡುಕಿ ಸರಿ ಮಾಡಿಕೊಡುವುದು ಗಾಡಿ ಮಾರಿದವರ ಕೆಲಸ. ಅವರ ಕೈಯಲ್ಲಿ ಆ ಕೆಲಸ ಮಾಡಿಸುವುದು ಹೇಗೆ ಅನ್ನುವುದೇ ಈ ಬರಹ.

ನಮ್ಮ ಗಾಡಿಯಲ್ಲಿ ಇದ್ದದ್ದು ಬೆಳಗಿನ ಸದ್ದು. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗ್ಗೆ 15 ಡಿಗ್ರಿ ಆಸುಪಾಸು ಇರುತ್ತದಲ್ಲ, ಆಗ ಬೀದಿ ತುದಿಯ ಹಂಪ್ ದಾಟಿದರೆ ಸಾಕು, ಕಟಕಟ ಶುರು. ಬಿಸಿಲಲ್ಲಿ ನಿಲ್ಲಿಸಿದ ಗಾಡಿಯನ್ನು ಮಧ್ಯಾಹ್ನ ತೆಗೆದರೆ ಅದೇ ಹಂಪ್ ಮೇಲೆ ಸದ್ದೇ ಇಲ್ಲ. ಸರ್ವಿಸ್ ಸೆಂಟರಿಗೆ ಬೆಳಗ್ಗೆ ಗಾಡಿ ಬಿಟ್ಟು ಬರುತ್ತೇವೆ. ಅವರು ಓಡಿಸಿ ನೋಡುವುದು ಊಟ ಆದ ಮೇಲೆ. ಸಂಜೆ ಗಾಡಿ ತೊಳೆದು, ದೂರು ಮತ್ತು ಮಾಡಿದ ಕೆಲಸ ಬರೆಯುವ ಜಾಬ್ ಕಾರ್ಡ್‌ನಲ್ಲಿ "ಸಮಸ್ಯೆ ಕಂಡುಬಂದಿಲ್ಲ" ಅಂತ ಬರೆದು ವಾಪಸ್ ಕೊಡುತ್ತಾರೆ. ಅವರು ಸುಳ್ಳು ಹೇಳಿದ್ದಲ್ಲ. ಅವರು ಓಡಿಸಿದ ಹೊತ್ತಿನಲ್ಲಿ ನಿಜವಾಗಿಯೂ ಸದ್ದು ಇರಲಿಲ್ಲ. ಜಗಳ ಹುಟ್ಟುವುದೂ ಇಲ್ಲೇ. ಇಬ್ಬರು ಹೇಳುವುದೂ ನಿಜ, ಆದರೆ ಇಬ್ಬರೂ ಒಂದೇ ಹೊತ್ತಿನಲ್ಲಿ ಗಾಡಿಯೊಳಗೆ ಕೂತಿಲ್ಲ.

ಬಿಸಿ ಚಳಿಗೆ ಸದ್ದು ಯಾಕೆ ಬದಲಾಗುತ್ತದೆ ಅಂದರೆ, ಡ್ಯಾಶ್‌ಬೋರ್ಡ್ ಅನ್ನುವುದು ಒಂದೇ ವಸ್ತುವಲ್ಲ. ಅದರ ಹಿಂದೆ, ಮುಂದಿನ ಗಾಜಿನ ಪಕ್ಕದ ಈ ಕಡೆಯ ಕಂಬದಿಂದ ಆ ಕಡೆಯ ಕಂಬಕ್ಕೆ ಅಡ್ಡಲಾಗಿ ಒಂದು ಉಕ್ಕಿನ ಬೀಮ್ ಇರುತ್ತದೆ. ಸ್ಟೀರಿಂಗ್, ಎಸಿ ಡಬ್ಬಿ, ಏರ್‌ಬ್ಯಾಗ್, ವೈರಿಂಗ್ ಎಲ್ಲಾ ಅದನ್ನೇ ನಂಬಿಕೊಂಡಿರುತ್ತವೆ. ನಮಗೆ ಕಾಣುವ ಪ್ಲಾಸ್ಟಿಕ್ ಅದರ ಮೇಲಿನ ಹೊದಿಕೆ, ಹೆಚ್ಚಾಗಿ ಪಾಲಿಪ್ರೊಪಿಲೀನ್. ಒಂದು ಮೀಟರ್ ಉಕ್ಕು 40 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಪ್ಲಾಸ್ಟಿಕ್ ಎರಡು ಮೂರು ಮಿಲಿಮೀಟರ್ ಹಿಗ್ಗುತ್ತದೆ. ನೆರಳಿಲ್ಲದ ಕಡೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಿ ನೋಡಿದವರಿಗೆ ಗೊತ್ತು, ಬೆಳಗಿನ ಚಳಿಗೂ ಮಧ್ಯಾಹ್ನದ ಆ ಬಿಸಿಗೂ 40 ಡಿಗ್ರಿ ವ್ಯತ್ಯಾಸ ದೊಡ್ಡದೇನಲ್ಲ. ಹಿಗ್ಗಿದಾಗ ಬಿಗಿಯಾಗಿ ಕೂರುವ ಭಾಗ ಕುಗ್ಗಿದಾಗ ಸಡಿಲವಾಗುತ್ತದೆ. ಕೆಲವು ಗಾಡಿಗಳಲ್ಲಿ ಇದು ತಿರುಗುಮುರುಗು. ಚಳಿಯಲ್ಲಿ ಸುಮ್ಮನಿದ್ದದ್ದು ಬಿಸಿಲಿಗೆ ಉಜ್ಜಿಕೊಂಡು ಕಿರ್ರ್ ಅನ್ನುತ್ತದೆ. ಅದಕ್ಕೇ ನಿಮ್ಮ ಗಾಡಿಯ ಸದ್ದು ಯಾವ ಹೊತ್ತಿನದು ಅನ್ನುವುದನ್ನು ಮೊದಲು ನೀವು ತಿಳಿದುಕೊಳ್ಳಿ. ಮೆಕ್ಯಾನಿಕ್‌ಗೆ ಅದಕ್ಕಿಂತ ದೊಡ್ಡ ಸುಳಿವು ಇಲ್ಲ.

ಸದ್ದಿನಲ್ಲಿಯೂ ಜಾತಿಗಳಿವೆ. ಎರಡು ಭಾಗಗಳ ನಡುವೆ ಸಂದು ಇದ್ದು, ಗಾಡಿ ಕುಲುಕಿದಾಗ ಒಂದಕ್ಕೊಂದು ಬಡಿದರೆ ಕಟಕಟ. ಎರಡು ಭಾಗ ಅಂಟಿಕೊಂಡೇ ಇದ್ದು ಉಜ್ಜಿಕೊಂಡರೆ ಕಿರ್ರ್. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ನಾದ ಹೊರಡಿಸುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ಮೇಲ್ಮೈ ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಮೂರನೆಯದು ಜುಂಯ್ ಅನ್ನುವ ನಡುಕ. ತೆಳು ಪ್ಲಾಸ್ಟಿಕ್ ಹಲಗೆಯೊಂದು ಎಂಜಿನ್‌ನ ಯಾವುದೋ ಒಂದು ವೇಗಕ್ಕೆ ಸರಿಯಾಗಿ ಅದುರಲು ಶುರುಮಾಡುತ್ತದೆ. ಈಗಿನ 3 ಸಿಲಿಂಡರ್ ಗಾಡಿಗಳಲ್ಲಿ ಇದು ಜಾಸ್ತಿ. 750 ಆರ್‌ಪಿಎಂನಲ್ಲಿ ನಿಂತ 4 ಸಿಲಿಂಡರ್ ಎಂಜಿನ್ ಸೆಕೆಂಡಿಗೆ 25 ಸಲ ಮಿಡಿಯುತ್ತದೆ, 3 ಸಿಲಿಂಡರಿನದು ಸುಮಾರು 19 ಸಲ. ಮಿಡಿತ ನಿಧಾನವಾದಷ್ಟೂ ಮೈಗೆ ಗೊತ್ತಾಗುವುದು ಜಾಸ್ತಿ, ಟ್ರಿಮ್, ಅಂದರೆ ಒಳಗಿನ ಪ್ಲಾಸ್ಟಿಕ್ ಹೊದಿಕೆ, ಅದುರುವುದೂ ಜಾಸ್ತಿ. ಸಿಗ್ನಲ್‌ನಲ್ಲಿ ಎಸಿ ಹಾಕಿಕೊಂಡು ನಿಂತಾಗ ಮಾತ್ರ ಬಂದು, ಗಾಡಿ ಹೊರಟ ಕೂಡಲೇ ಹೋಗುವ ಸದ್ದು ಇದೇ ಇರಬಹುದು.

ಕಟಕಟಕ್ಕೆ ಮದ್ದು ಸಂದು ತುಂಬುವುದು ಇಲ್ಲವೇ ಸಡಿಲವಾದದ್ದನ್ನು ಬಿಗಿ ಮಾಡುವುದು. ಕಿರ್ರ್‌ಗೆ ಮದ್ದು ಎರಡು ಮೇಲ್ಮೈಗಳ ನಡುವೆ ಬಟ್ಟೆಯಂಥದ್ದೇನಾದರೂ ಇಡುವುದು ಅಥವಾ ಜಾರುವಂಥದ್ದೇನಾದರೂ ಹಚ್ಚುವುದು. ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ಕೆಲಸವಾಗುವುದಿಲ್ಲ. "ಏನೋ ಸದ್ದು ಬರ್ತಿದೆ ಸರ್" ಅನ್ನುವ ಬದಲು "ಕಿರ್ರ್ ಅಂತ ಉಜ್ಜಿದ ಹಾಗೆ, ಗಾಡಿ ತಿರುಗಿಸುವಾಗ ಜಾಸ್ತಿ" ಅಂದರೆ ಅರ್ಧ ಕೆಲಸ ನೀವೇ ಮಾಡಿಕೊಟ್ಟ ಹಾಗೆ.

ಹುಡುಕುವಾಗ ಸುಲಭದ್ದರಿಂದ ಶುರುಮಾಡಬೇಕು. ಒಂದು ಭಾನುವಾರ ಬೆಳಗ್ಗೆ ಗಾಡಿಯೊಳಗಿನ ಎಲ್ಲಾ ವಸ್ತು ಹೊರಗೆ ತೆಗೆಯಿರಿ. ಡೋರ್ ಪಾಕೆಟ್‌ನ ನೀರಿನ ಬಾಟಲಿ, ಗ್ಲವ್ ಬಾಕ್ಸ್‌ನ ಕೈಪಿಡಿ, ಕನ್ನಡಕದ ಡಬ್ಬಿ, ಟೋಲ್‌ನಲ್ಲಿ ಕೊಟ್ಟ ಚಿಲ್ಲರೆ, ಡಿಕ್ಕಿಯಲ್ಲಿನ ಜ್ಯಾಕ್, ಪಾನಾ ಎಲ್ಲಾ. ಖಾಲಿ ಸೀಟಿನ ಬೆಲ್ಟ್ ಬಕಲ್ ಪಕ್ಕದ ಕಂಬಕ್ಕೆ ಬಡಿಯುತ್ತಿರಬಹುದು, ಅದನ್ನು ಸಿಕ್ಕಿಸಿಡಿ. ಹಿಂದಿನ ಪಾರ್ಸೆಲ್ ಟ್ರೇ ತೆಗೆದು ಮನೆಯಲ್ಲಿಡಿ. ನಂಬರ್ ಪ್ಲೇಟ್ ಬೆರಳಿನಿಂದ ತಟ್ಟಿ ನೋಡಿ, ಅದರ ಸದ್ದು ಡಿಕ್ಕಿ ಬಾಗಿಲಿಂದ ಬಂದಂತೆಯೇ ಕೇಳಿಸುತ್ತದೆ. ಡಿಕ್ಕಿ ಬಾಗಿಲಿನ ಎರಡೂ ಬದಿ ಇರುವ ರಬ್ಬರ್ ಗುಂಡಿಗಳನ್ನು ಎಷ್ಟೋ ಗಾಡಿಗಳಲ್ಲಿ ತಿರುಗಿಸಿ ಎತ್ತರ ಮಾಡಬಹುದು. ಒಂದೆರಡು ಸುತ್ತು ಹೊರಗೆ ತಿರುಗಿಸಿದರೆ ಬಾಗಿಲು ಬಿಗಿಯಾಗಿ ಕೂರುತ್ತದೆ.

ಟೈರ್ ಗಾಳಿಯನ್ನೂ ನೋಡಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಫ್ಯಾಕ್ಟರಿಯಿಂದ ಶೋರೂಮಿಗೆ ಲಾರಿಯಲ್ಲಿ ಬರುವ ಗಾಡಿಗೆ ಗಾಳಿ ಜಾಸ್ತಿ ತುಂಬಿರುವುದುಂಟು, ಡೆಲಿವರಿ ಕೊಡುವ ಅವಸರದಲ್ಲಿ ಅದನ್ನು ಇಳಿಸುವುದಿಲ್ಲ. ಗಾಳಿ ಜಾಸ್ತಿಯಾದರೆ ರಸ್ತೆಯ ಒಂದೊಂದು ಗುದ್ದೂ ನೇರವಾಗಿ ಒಳಗೆ ಬರುತ್ತದೆ. ಚಾಲಕನ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಇರಲಿ. ಬಂಕ್‌ನವರು ಹೇಳಿದಷ್ಟಲ್ಲ.

ಇದಾದ ಮೇಲೂ ಸದ್ದು ಉಳಿದರೆ ಇಬ್ಬರು ಹೊರಡಿ. ಒಬ್ಬರು ನಿಧಾನವಾಗಿ ಓಡಿಸಲಿ, ಇನ್ನೊಬ್ಬರು ಅಂಗೈಯಿಂದ ಒಂದೊಂದೇ ಭಾಗವನ್ನು ಒತ್ತಿ ಹಿಡಿಯಲಿ. ಒತ್ತಿದಾಗ ನಿಂತರೆ ಸದ್ದಿನ ಮೂಲ ಅಲ್ಲೇ ಹತ್ತಿರ ಇದೆ. ಕಿವಿಯನ್ನೊಂದನ್ನೇ ನಂಬಬೇಡಿ. ಮುಂದಿನ ಗಾಜು ಸದ್ದನ್ನು ತಿರುಗಿಸಿ ಕಳಿಸುತ್ತದೆ, ಹಾಗಾಗಿ ಎಡಗಡೆ ಹುಟ್ಟಿದ್ದು ಮಧ್ಯದಲ್ಲಿ ಕೇಳಿಸುತ್ತದೆ. ಓಡಿಸುವವರು ಕೂತ ಜಾಗದಿಂದ ಸರಿಯುವ ಹಾಗಿಲ್ಲ, ಹುಡುಕುವವರು ಹಿಂದೆ ಮುಂದೆ ಬಾಗಿ ಕೇಳಬಹುದು. ಪರೀಕ್ಷೆಗೆ ಒಳ್ಳೆಯ ರಸ್ತೆ ಅಂದರೆ ಹೈವೇಯಲ್ಲಿ ಜಂಕ್ಷನ್‌ಗೆ ಮೊದಲು ಸಾಲಾಗಿ ಹಾಕಿರುವ ಬಿಳಿ ರಂಬಲ್ ಪಟ್ಟಿಗಳು. ನಮ್ಮ ಬೀದಿಯ ಹಂಪ್‌ಗಳು ಇದಕ್ಕೆ ಅಷ್ಟು ಉಪಯೋಗವಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಲ್ಲಿ ದಾಟುವಂಥದ್ದು. ಬೀದಿಯವರೇ ರಾತ್ರೋರಾತ್ರಿ ಹಾಕಿಸುವ ಹಂಪ್‌ಗೂ ಆ ಅಳತೆಗೂ ಸಂಬಂಧವೇ ಇರುವುದಿಲ್ಲ. ಅಂಥದ್ದರ ಮೇಲೆ ಎಂಥ ಗಾಡಿಯೂ ಸದ್ದು ಮಾಡುತ್ತದೆ.

ಇನ್ನೊಂದು ಗೊಂದಲ, ಹೊರಗಿನ ಸದ್ದು ಒಳಗಿನದಾಗಿ ಕೇಳಿಸುವುದು. ಮುಂದಿನ ಸಸ್ಪೆನ್ಷನ್‌ನ ಲಿಂಕ್ ರಾಡ್ ಸವೆದರೆ ಸಣ್ಣ ಗುಂಡಿಗಳ ಮೇಲೆ ಟಕಟಕ ಅನ್ನುತ್ತದೆ. ಅದು ಲೋಹದ ಮೂಲಕ ಹತ್ತಿ ಬಂದು ಡ್ಯಾಶ್‌ಬೋರ್ಡ್ ಕೆಳಗೆ ಕೇಳಿಸುತ್ತದೆ. ಟ್ರಿಮ್ ಎಲ್ಲಾ ಬಿಚ್ಚಿ ಹುಡುಕಿದರೂ ಸಿಗುವುದಿಲ್ಲ. ಅಂಗೈಯಿಂದ ಎಲ್ಲಿ ಒತ್ತಿದರೂ ನಿಲ್ಲದ ಸದ್ದಾದರೆ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಇದು ಸುರಕ್ಷತೆಯ ವಿಷಯವೂ ಹೌದು, ತಡ ಮಾಡಬಾರದು.

ಈಗ ಸರ್ವಿಸ್ ಸೆಂಟರ್. ನನಗೆ ಹೇಳಬೇಕಾದದ್ದು ಜಾಸ್ತಿ ಇರುವುದೇ ಇಲ್ಲಿ.

ಅಲ್ಲಿ ನಿಮ್ಮ ಜೊತೆ ಮಾತಾಡುವವರು ಸರ್ವಿಸ್ ಅಡ್ವೈಸರ್. ಕೆಲಸ ಮಾಡುವವರು ಬೇರೆ. ನೀವು ಹೇಳಿದ್ದು ಅಡ್ವೈಸರ್ ಕೈಯಲ್ಲಿ "ಡ್ಯಾಶ್‌ಬೋರ್ಡ್ ಸದ್ದು, ಚೆಕ್ ಮಾಡಿ" ಅನ್ನುವ ಒಂದು ಸಾಲಾಗುತ್ತದೆ. ಒಳಗೆ ಕೂತ ಹುಡುಗನಿಗೆ ಸಿಗುವುದು ಆ ಒಂದು ಸಾಲು. ಯಾವ ಹೊತ್ತು, ಯಾವ ರಸ್ತೆ, ಎಷ್ಟು ವೇಗ, ಯಾವುದೂ ಅವನಿಗೆ ಗೊತ್ತಿಲ್ಲ. ಅವನ ಮುಂದೆ ಅವತ್ತು ಮುಗಿಸಬೇಕಾದ ಬೇರೆ ಗಾಡಿಗಳ ಸಾಲು ಇರುತ್ತದೆ. ಆಯಿಲ್ ಬದಲಾಯಿಸುವುದಕ್ಕೆ ಇಷ್ಟು ಹೊತ್ತು ಅಂತ ಲೆಕ್ಕ ಇದೆ. ಸದ್ದು ಹುಡುಕುವುದಕ್ಕೆ ಅಂಥ ಲೆಕ್ಕ ಇಡುವುದು ಕಷ್ಟ. ಹತ್ತು ನಿಮಿಷವೂ ಆಗಬಹುದು, ಇಡೀ ದಿನವೂ ಹೋಗಬಹುದು. ಅವನ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ.

ಆದರೆ ಕೇಳಬೇಕಾದದ್ದನ್ನು ಗಟ್ಟಿಯಾಗಿ ಕೇಳಬೇಕು. ಜಾಬ್ ಕಾರ್ಡ್‌ನಲ್ಲಿ ನೀವು ಹೇಳಿದ ಮಾತುಗಳನ್ನೇ ಬರೆಸಿ: "ಬೆಳಗ್ಗೆ ಗಾಡಿ ತಣ್ಣಗಿರುವಾಗ, 20ರಿಂದ 30 ಕಿಲೋಮೀಟರ್ ವೇಗದಲ್ಲಿ, ಒರಟು ರಸ್ತೆಯಲ್ಲಿ, ಗ್ಲವ್ ಬಾಕ್ಸ್ ಹಿಂದಿನಿಂದ ಕಟಕಟ." ಪ್ರತಿ ಸಲವೂ ಬರೆಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದು ವಾರಂಟಿ ಮುಗಿದ ದಿನ ಯಾರಿಗೂ ನೆನಪಿರುವುದಿಲ್ಲ. ಫೋನ್‌ನಲ್ಲಿ ಸದ್ದು ರೆಕಾರ್ಡ್ ಮಾಡಿಡಿ, ಸ್ಪೀಡೋಮೀಟರ್ ಕಾಣುವ ಹಾಗೆ. ಓಡಿಸುತ್ತಾ ಅಲ್ಲ, ಪಕ್ಕದವರ ಕೈಯಲ್ಲಿ. ಎಲ್ಲಕ್ಕಿಂತ ಮುಖ್ಯ, ಕೆಲಸ ಮಾಡುವ ಟೆಕ್ನಿಷಿಯನ್ ನಿಮ್ಮ ಜೊತೆ ಗಾಡಿಯಲ್ಲಿ ಕೂರಬೇಕು. ಸದ್ದು ಬರುವ ಹೊತ್ತಿನಲ್ಲಿ, ಸದ್ದು ಬರುವ ರಸ್ತೆಯಲ್ಲಿ. ಬೆಳಗಿನ ಸದ್ದಾದರೆ ಹಿಂದಿನ ರಾತ್ರಿಯೇ ಗಾಡಿ ಅಲ್ಲಿ ಬಿಟ್ಟು, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ ಕೂರಿಸಿಕೊಂಡು ಹೊರಡಿ.

ನಮ್ಮ ಗಾಡಿಗೆ ದಾರಿಯಾದದ್ದು ಹೀಗೆಯೇ. ಅವತ್ತು ಜೊತೆಗೆ ಬಂದವರು ವಯಸ್ಸಾದ ಟೆಕ್ನಿಷಿಯನ್. ಹತ್ತಿದ ಕೂಡಲೇ ಮ್ಯೂಸಿಕ್, ಎಸಿ ಎರಡೂ ಆರಿಸಿದರು. "ಮಾತಾಡ್ಬೇಡಿ ಸರ್, ನೀವು ಓಡಿಸಿ ಸಾಕು" ಅಂದರು. ಒರಟು ರಸ್ತೆ ಬಂದಾಗ ಗ್ಲವ್ ಬಾಕ್ಸ್ ತೆರೆದು ಮೊಣಕೈವರೆಗೂ ಕೈ ಹಾಕಿ ಏನನ್ನೋ ಹಿಡಿದರು. ಸದ್ದು ನಿಂತಿತು. ಬಿಟ್ಟರು, ಬಂತು. ಮತ್ತೆ ಹಿಡಿದರು, ನಿಂತಿತು. ವಾಪಸ್ ಬಂದು ಗ್ಲವ್ ಬಾಕ್ಸ್ ಕಳಚಿ ಟಾರ್ಚ್ ಬಿಟ್ಟು ತೋರಿಸಿದರು. ಎಸಿ ಗಾಳಿ ಹೋಗುವ ಕಪ್ಪು ಪ್ಲಾಸ್ಟಿಕ್ ಕೊಳವೆ ಉಕ್ಕಿನ ಬೀಮ್‌ಗೆ ತಾಗುವ ಜಾಗದಲ್ಲಿ ಒಂದು ಫೋಮ್ ಪಟ್ಟಿ ಅಂಟಿಸಿರಬೇಕು. ಅದರ ಅಂಟು ಬಿಟ್ಟು ಅರ್ಧ ಮಡಚಿಕೊಂಡಿತ್ತು. ಕೊಳವೆಯ ಮೇಲೆ ಉಗುರಿನಷ್ಟಗಲ ಜಾಗ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು, ಸುತ್ತಲೂ ಬೂದಿ ಬಣ್ಣದ ಸಣ್ಣ ಪುಡಿ. "ಈ ಹೊಳಪು ಕಾಣ್ತಿದ್ಯಲ್ಲ, ಇದನ್ನೇ ಹುಡುಕೋದು ನಾವು" ಅಂದರು. ಹಳೆಯ ಅಂಟನ್ನು ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಆಮೇಲೆ ಹೊಸ ಪಟ್ಟಿ ಅಂಟಿಸಿದರು. ಆ ಒಣಗಲು ಬಿಟ್ಟ ಎರಡು ನಿಮಿಷಕ್ಕೆ ನನ್ನ ದೊಡ್ಡ ಗೌರವವಿದೆ. ಅವಸರದಲ್ಲಿ ಅಂಟಿಸಿದ್ದರೆ ಅದು ಬೇಸಿಗೆಗೆ ಮತ್ತೆ ಬಿಡುತ್ತಿತ್ತು. ಬೆಳಗಿನ ಚಳಿಗೆ ಕೊಳವೆ ಕುಗ್ಗಿ ಬೀಮ್‌ಗೆ ಬಡಿಯುತ್ತಿತ್ತು, ಬಿಸಿಲಿಗೆ ಹಿಗ್ಗಿ ಒತ್ತಿಕೊಂಡು ಸುಮ್ಮನಾಗುತ್ತಿತ್ತು. ಕೆಲವೇ ರೂಪಾಯಿಯ ಪಟ್ಟಿ.

ಇಂಥ ಕೆಲಸ ಬಲ್ಲವರಿಗೆ ಕಂಪನಿಗಳು ಹೆಚ್ಚಿನ ಸಂಬಳ, ಹೆಚ್ಚಿನ ಸಮಯ ಕೊಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅವರ ಕಿವಿ, ಕೈ ಎರಡೂ ಸ್ಕ್ಯಾನರ್‌ನಲ್ಲಿ ಸಿಗುವಂಥದ್ದಲ್ಲ.

"ಈ ಮಾಡೆಲ್ಲೇ ಹಾಗೆ ಸರ್, ಎಲ್ಲಾ ಗಾಡೀಲೂ ಇದೆ" ಅನ್ನುವ ಉತ್ತರವನ್ನು ಮಾತ್ರ ನಾನು ಒಪ್ಪುವುದಿಲ್ಲ. ಎಲ್ಲಾ ಗಾಡಿಯಲ್ಲೂ ಇದ್ದರೆ ಅದು ವಿನ್ಯಾಸದ ತಪ್ಪು, ಇನ್ನೂ ದೊಡ್ಡದು. ಕಾರು ಮಾಡುವವರಿಗೆ ಈ ಸದ್ದುಗಳ ಬೆಲೆ ಚೆನ್ನಾಗಿ ಗೊತ್ತು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ಕಂಬ ಇಟ್ಟು ಗಾಡಿಯನ್ನು ಗಂಟೆಗಟ್ಟಲೆ ಕುಲುಕಿಸುವ ಯಂತ್ರಗಳು ಅವರಲ್ಲಿವೆ. ಯಾವ ಪ್ಲಾಸ್ಟಿಕ್ ಯಾವುದರ ಜೊತೆ ಉಜ್ಜಿದರೆ ಕಿರ್ರ್ ಅನ್ನುತ್ತದೆ ಅಂತ ಅಳೆಯುವುದಕ್ಕೆ ಜರ್ಮನಿಯ ವಾಹನ ಉದ್ಯಮದ ಒಕ್ಕೂಟ ವಿಡಿಎ 230-206 ಅನ್ನುವ ಪರೀಕ್ಷೆಯನ್ನೇ ಮಾಡಿಟ್ಟಿದೆ. ಎರಡು ತುಂಡುಗಳನ್ನು ಒಂದರ ಮೇಲೊಂದು ಉಜ್ಜಿ 1ರಿಂದ 10ರವರೆಗೆ ಅಂಕ ಕೊಡುತ್ತಾರೆ. 3ರವರೆಗೆ ಚಿಂತೆಯಿಲ್ಲ, 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆ ಜೋಡಿ ಬೇಡ. ಅಮೆರಿಕದಲ್ಲಿ ಜೆ.ಡಿ. ಪವರ್ ಸಂಸ್ಥೆ 1987ರಿಂದಲೂ ಹೊಸ ಕಾರು ಕೊಂಡವರನ್ನು ಮೊದಲ 90 ದಿನದ ತೊಂದರೆಗಳ ಬಗ್ಗೆ ಕೇಳಿ, 100 ಗಾಡಿಗೆ ಎಷ್ಟು ದೂರು ಅಂತ ಲೆಕ್ಕ ಹಾಕುತ್ತದೆ. ಮಾಡುವ ಜಾಗದಲ್ಲಿ ಇಷ್ಟು ಮುಖ್ಯವಾದದ್ದು ಮಾರಿದ ಮೇಲೆ ಕ್ಷುಲ್ಲಕ ಆಗುವುದು ಹೇಗೆ? ಎಲೆಕ್ಟ್ರಿಕ್ ಕಾರುಗಳು ಬಂದ ಮೇಲಂತೂ ಇದು ಇನ್ನೂ ಎದ್ದು ಕಾಣುತ್ತಿದೆ. ಎಂಜಿನ್ ಸದ್ದಿನ ಹಿಂದೆ ಅಡಗಿ ಕೂತಿದ್ದ ಎಲ್ಲಾ ಕಿರಿಕಿರಿಗಳೂ ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ.

ನೀವೇ ಕೈ ಹಾಕುವುದಾದರೆ ಒಂದು ಎಚ್ಚರಿಕೆ. ಮುಂದಿನ ಗಾಜಿನ ಪಕ್ಕದ ಕಂಬದ ಟ್ರಿಮ್, ಚಾವಣಿಯ ಅಂಚು, ಸೀಟಿನ ಹೊರಬದಿ, ಇವುಗಳಿಂದ ದೂರ ಇರಿ. ಆರು ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಕರ್ಟನ್ ಏರ್‌ಬ್ಯಾಗ್ ಮಡಚಿ ಕೂತಿರುವುದು ಅಲ್ಲೇ ಚಾವಣಿಯ ಅಂಚಿನಲ್ಲಿ. ಕಂಬದೊಳಗೆ ಫೋಮ್ ತುರುಕಿದರೆ ಸದ್ದು ಹೋಗಬಹುದು, ಅಪಘಾತದ ಹೊತ್ತಿಗೆ ಬ್ಯಾಗ್ ಸರಿಯಾಗಿ ಬಿಚ್ಚಿಕೊಳ್ಳದೆಯೂ ಹೋಗಬಹುದು. ಹಳದಿ ಕನೆಕ್ಟರ್ ಕಂಡರೆ ಕೈ ಹಿಂದೆ ತೆಗೆಯಿರಿ, ಅದು ಏರ್‌ಬ್ಯಾಗ್‌ನ ತಂತಿ. ಉಳಿದ ಕಡೆ ಬಟ್ಟೆ ಟೇಪ್, ಫೆಲ್ಟ್ ಪಟ್ಟಿ ಧಾರಾಳವಾಗಿ ಬಳಸಬಹುದು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಎಲ್ಲಾ ಸಿಗುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಕಿರುಗುಟ್ಟಿದರೆ ಸಿಲಿಕೋನ್ ಸ್ಪ್ರೇ ಅಥವಾ ಸಿಲಿಕೋನ್ ಗ್ರೀಸ್ ಮಾತ್ರ. ಎಂಜಿನ್ ಆಯಿಲ್, ವ್ಯಾಸಲಿನ್ ಹಚ್ಚಬೇಡಿ. ಪೆಟ್ರೋಲಿಯಂ ತಾಗಿದರೆ ಆ ರಬ್ಬರ್ ಊದಿ ಮೆತ್ತಗಾಗುತ್ತದೆ. ಟ್ರಿಮ್‌ನ ಪ್ಲಾಸ್ಟಿಕ್ ಕ್ಲಿಪ್‌ಗಳಲ್ಲಿ ಹೆಚ್ಚಿನವು ಒಂದು ಸಲ ಹಾಕುವುದಕ್ಕೆ ಮಾಡಿದವು. ಬಿಚ್ಚುವ ಮೊದಲೇ ಹೊಸ ಕ್ಲಿಪ್ ತಂದಿಟ್ಟುಕೊಳ್ಳಿ. ಶೋರೂಮ್‌ನಲ್ಲೇ ಬೇರೆ ಮ್ಯೂಸಿಕ್ ಸಿಸ್ಟಂ, ಕ್ಯಾಮೆರಾ ಹಾಕಿಸಿಕೊಂಡ ಗಾಡಿಗಳಲ್ಲಿ ಸದ್ದು ಶುರುವಾಗುವುದು ಸಾಮಾನ್ಯವಾಗಿ ಹೀಗೆಯೇ. ಬಿಚ್ಚಿದ ಹಳೆಯ ಕ್ಲಿಪ್ ಅಲ್ಲೇ ಮತ್ತೆ ಸಿಕ್ಕಿಸಿರುತ್ತಾರೆ.

ಏನು ಮಾಡಿದರೂ ಸರ್ವಿಸ್ ಸೆಂಟರಿನವರು ಕೇಳದಿದ್ದರೆ ಕಾನೂನು ಇದೆ. ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಂದ ಕಂಪನಿಗೆ ದೂರು ಹೋದರೆ ಎಷ್ಟೋ ಸಲ ಏರಿಯಾ ಮ್ಯಾನೇಜರ್ ತಾವಾಗಿಯೇ ಫೋನ್ ಮಾಡುತ್ತಾರೆ. ಆಮೇಲಿನದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ಇರುವ ಊರಿನಲ್ಲೇ ದೂರು ಕೊಡಬಹುದು, ಕಂಪನಿ ಎಲ್ಲೇ ಇರಲಿ. 50 ಲಕ್ಷದವರೆಗಿನ ಗಾಡಿಯ ದೂರು ಜಿಲ್ಲೆಯಲ್ಲೇ ಆಗುತ್ತದೆ, ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಕೊಡಬೇಕು. ಆದರೆ ಇಡೀ ಗಾಡಿ ಬದಲಿಸಿ ಕೊಡಿಸುತ್ತಾರೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಭಾಗ ಬದಲಿಸಿದರೆ ಸರಿಹೋಗುವ ದೋಷಕ್ಕೆ ಇಡೀ ಗಾಡಿ ಬದಲಿಸಿ ಅನ್ನಲಾಗದು ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಒಂದು ಕಾರಿನ ಕ್ಲಚ್ ವಿಷಯದಲ್ಲಿ ಹೇಳಿದೆ. ಸದ್ದಿನ ದೂರಿಗೆ ನ್ಯಾಯವಾಗಿ ಸಿಗಬೇಕಾದದ್ದು ರಿಪೇರಿ, ಮತ್ತು ಅಲೆದಾಡಿಸಿದ್ದಕ್ಕೆ ಪರಿಹಾರ. ಆಗ ನಿಮ್ಮ ಕೈಯಲ್ಲಿ ಇರಬೇಕಾದದ್ದು ಆ ಜಾಬ್ ಕಾರ್ಡ್‌ಗಳೇ.

ಹಬ್ಬಕ್ಕೆ ಹೊಸ ಗಾಡಿ ತೆಗೆದುಕೊಳ್ಳುವವರು ಪೂಜೆಯ ದಿನಕ್ಕಿಂತ ಮೊದಲೇ ಒಮ್ಮೆ ಹೋಗಿ ನಿಮಗೆ ಕೊಡುವ ಗಾಡಿಯನ್ನೇ ನೋಡಿ. ಟೆಸ್ಟ್ ಡ್ರೈವ್ ಗಾಡಿಯನ್ನಲ್ಲ. ರಿಜಿಸ್ಟ್ರೇಷನ್ ಆಗದ ಗಾಡಿ ರಸ್ತೆಗೆ ಬರುವಂತಿಲ್ಲ, ನಿಜ. ಆದರೆ ಯಾರ್ಡ್ ಒಳಗೆ ಬಾಗಿಲುಗಳನ್ನು ಹಾಕಿ ತೆಗೆದು, ಡ್ಯಾಶ್‌ಬೋರ್ಡ್‌ನ ಅಂಚುಗಳನ್ನು ಒತ್ತಿ, ಎಂಜಿನ್ ಶುರುಮಾಡಿ ಎಸಿ ಹಾಕಿ ಐದು ನಿಮಿಷ ಸುಮ್ನೆ ಕೂತು ಕೇಳುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ. ಸಂದುಗಳು ಎರಡೂ ಬದಿ ಒಂದೇ ಅಗಲ ಇವೆಯಾ ನೋಡಿ. ಏನಾದರೂ ಕಂಡರೆ ಬಾಕಿ ಹಣ ಕಟ್ಟುವ ಮೊದಲೇ ಬರೆದು ಕೊಡಿ. ಆ ಹೊತ್ತಿನಲ್ಲಿ ಶೋರೂಮ್‌ನವರು ನಿಮ್ಮ ಮಾತನ್ನು ಕೇಳುವಷ್ಟು ಗಮನವಿಟ್ಟು ಆಮೇಲೆ ಯಾವತ್ತೂ ಕೇಳುವುದಿಲ್ಲ.